ಬಾಯುಪಚಾರ

ನಮ್ಮ ಕಡೆ ಯಾರ ಮನೆಯಿಂದಾದರೂ ಹೊರಡುವಾಗ ‘ಹೋಗುತ್ತೇವೆ’ ಎನ್ನುವ ವಾಡಿಕೆಯಿಲ್ಲ, ‘ಬರುತ್ತೇವೆ’ ಎನ್ನುತ್ತೇವೆ. ಹೊಸ್ತಿಲು ದಾಟಿ ಹೋಗುತ್ತಿರುವವನು ತಾನು ಬರುತ್ತೇನೆಂದು ಹೇಳಿದರೂ ಅವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ಊಟದ ಹೊತ್ತಿಗೆ ಬಂದವರಿಗೆ ‘ಊಟಕ್ಕೆ ಏಳಿ’ ಎನ್ನುತ್ತೇವೆ. ಒಳಗೆ ಅನ್ನ ಎಷ್ಟು ಉಳಿದಿದೆಯೆಂಬುದು ಗೃಹಿಣಿಗೆ ಮಾತ್ರ ಗೊತ್ತು. ಬಂದವರು ಹಸಿದಿದ್ದರೂ ‘ಈಗ ತಾನೇ ಮುಗಿಸಿಕೊಂಡು ಬಂದೆವು’ ಎನ್ನುತ್ತಾರೆ. ಮಾತು ಎರಡು ಕಡೆಯೂ ನಿಜವಲ್ಲ, ಆದರೆ ಮನಸ್ಸಿಗೆ ಎರಡು ಕಡೆಯೂ ನೋವಿಲ್ಲ. ಇದಕ್ಕೆ ನಮ್ಮವರು ಬಾಯುಪಚಾರವೆಂದು ಹೆಸರಿಟ್ಟಿದ್ದಾರೆ. ಆ ಹೆಸರಿನಲ್ಲಿ ಸ್ವಲ್ಪ ಹಾಸ್ಯವಿದೆ, ಸ್ವಲ್ಪ ತಾತ್ಸಾರವೂ ಇದೆ.

ಇನ್ನೊಂದು ಕಡೆ, ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಹುಲಿಗೆ ಕೊಟ್ಟ ಮಾತನ್ನು ಕೂಡ ಉಳಿಸಿಕೊಂಡ ಹಸುವಿಗೆ ಚಿಕ್ಕಂದಿನಲ್ಲಿ ಕಣ್ಣೀರು ಸುರಿಸಿದವರು, ದೊಡ್ಡವರಾದ ಮೇಲೆ ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿಲ್ಲದ ಮಾತನ್ನು ಆಡಿ ಆರಾಮವಾಗಿ ನಿದ್ರೆ ಮಾಡುತ್ತೇವೆ. ಇವೆರಡೂ ಒಂದೇ ಮನೆಯಲ್ಲಿ ಹೇಗೆ ಹೊಂದಿಕೊಂಡಿವೆ? ನಮ್ಮ ನಡುವೆ ಇರುವಷ್ಟು ಕಾಲ ಈ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲ. ಅದನ್ನು ಎದುರಿಗೆ ತಂದು ನಿಲ್ಲಿಸಿದ್ದು ಪರ್ಷಿಯಾದ ಒಂದು ಊರು, ಶಿರಾಜ್.

2018ರ ಏಪ್ರಿಲ್ ತಿಂಗಳ ಕೊನೆಯ ವಾರ ನಾವು ಅಲ್ಲಿಗೆ ಹೋದದ್ದು. ನಮ್ಮ ಭಾವಮೈದುನ ದುಬೈಯಲ್ಲಿ ನೌಕರಿಯಲ್ಲಿದ್ದಾನೆ. ಅವನಲ್ಲಿಗೆ ಹೊರಟಿದ್ದಾಗ, ಕೊಲ್ಲಿಯನ್ನು ದಾಟಿದರೆ ಶಿರಾಜ್, ವಿಮಾನದಲ್ಲಿ ಹತ್ತಿರದ ಹಾದಿ ಎಂದು ಅವನೇ ಆಸೆ ಹುಟ್ಟಿಸಿದ. ಇಲಾಖೆಯ ಅನುಮತಿಯನ್ನು ಮೊದಲೇ ಪಡೆದುಕೊಂಡು, ಎರಡು ಜೋಡಿ, ನಾಲ್ಕು ಜನ ಹೊರಟೆವು. ಮುಂಬಯಿಯಲ್ಲಿರುವ ನಮಗೆ ಇರಾನಿ ಎಂದರೆ ಮೂಲೆಯ ಹೋಟೆಲು, ಬನ್-ಮಸ್ಕಾ, ಕಡಕ್ ಚಹಾ. ಅದಕ್ಕಿಂತ ಹೆಚ್ಚಿನ ಪರಿಚಯವಿರಲಿಲ್ಲ. ನಮ್ಮ ಹೊಟ್ಟೆಪಾಡಿನ ಹೆಸರಾದ ‘ಗುಮಾಸ್ತೆ’ ಎಂಬ ಶಬ್ದವೂ ಅಲ್ಲಿಂದಲೇ ಬಂದದ್ದು, ‘ನೇಮಕಗೊಂಡವನು’ ಎಂದು ಅದರ ಅರ್ಥ, ಎಂಬುದನ್ನು ಮಾತ್ರ ಓದಿ ತಿಳಿದಿದ್ದೆವು. ಅಂತೂ ನೇಮಕಗೊಂಡವರು ತಮ್ಮ ಹೆಸರಿನ ತವರುಮನೆಗೆ ಹೊರಟಂತಾಯಿತು.

ಶಿರಾಜ್ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಜಾಗ್ರೋಸ್ ಬೆಟ್ಟಗಳ ನಡುವೆ ಇರುವ ಊರು. ಹುಳಿ ಕಿತ್ತಳೆಯ ಗಿಡಗಳು ಹೂ ಬಿಟ್ಟಿದ್ದ ಕಾಲವದು. ಬೀದಿ ಬೀದಿಯಲ್ಲಿ ಅದರ ಕಂಪು. ಹದಿನೆಂಟನೆಯ ಶತಮಾನದಲ್ಲಿ ಈ ಊರನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಕರೀಂ ಖಾನ್ ಜಂದ್ ಕಟ್ಟಿಸಿದ ಕೋಟೆ, ಬಜಾರು, ಮಸೀದಿ ಇಂದಿಗೂ ಇವೆ. ಅವನು ತನ್ನನ್ನು ‘ಷಾ’ ಎಂದು ಕರೆದುಕೊಳ್ಳಲಿಲ್ಲ, ‘ವಕೀಲ್’ ಎಂದು ಕರೆದುಕೊಂಡ. ಪ್ರಜೆಗಳ ಪ್ರತಿನಿಧಿ ಎಂದು ಅರ್ಥ. ಬಜಾರಿಗೂ ಮಸೀದಿಗೂ ಇಂದಿಗೂ ಅದೇ ಹೆಸರು. ಸರ್ವಾಧಿಕಾರ ಕೈಯಲ್ಲಿದ್ದವನು ತಾನು ಬರಿಯ ವಕೀಲ ಎಂದುಕೊಂಡದ್ದು ವಿನಯವೋ, ಬಾಯುಪಚಾರವೋ? ಆ ಊರಿನಲ್ಲಿ ಇಂಥ ಪ್ರಶ್ನೆ ಹೆಜ್ಜೆ ಹೆಜ್ಜೆಗೂ ಎದುರಾಗುತ್ತದೆ.

ಏಕೆಂದರೆ ಅಲ್ಲಿಯ ಜನರ ಉಪಚಾರದ ಮುಂದೆ ನಮ್ಮದು ಏನೂ ಅಲ್ಲ. ಕೆಲಸ ಮಾಡುತ್ತಿರುವವರನ್ನು ಕಂಡರೆ ‘ನಿಮಗೆ ಆಯಾಸವಾಗದಿರಲಿ’ ಎನ್ನುತ್ತಾರೆ. ಏನಾದರೂ ಎತ್ತಿ ಕೊಟ್ಟರೆ ‘ನಿಮ್ಮ ಕೈ ನೋಯದಿರಲಿ’. ಅದಕ್ಕೆ ಉತ್ತರವಾಗಿ ‘ನಿಮ್ಮ ತಲೆ ನೋಯದಿರಲಿ’. ಪ್ರೀತಿ ಹೆಚ್ಚಾದರೆ ‘ನಿಮಗಾಗಿ ನಾನು ಬಲಿಯಾಗಲಿ’. ಮನೆಗೆ ಬರುವವರಿಗೆ ‘ನಿಮ್ಮ ಹೆಜ್ಜೆ ನನ್ನ ಕಣ್ಣಿನ ಮೇಲೆ’. ರೊಟ್ಟಿಯ ಅಂಗಡಿಯ ಬಾಗಿಲಲ್ಲಿ ಇಬ್ಬರು ಹಿರಿಯರು ‘ನೀವು ಮೊದಲು’, ‘ಇಲ್ಲ, ನೀವು ಮೊದಲು’ ಎಂದು ನಿಂತೇ ಇದ್ದುದನ್ನು ನಾವು ನೋಡಿದೆವು. ಅಷ್ಟರಲ್ಲಿ ಒಬ್ಬ ಹುಡುಗ ಅವರಿಬ್ಬರ ನಡುವೆ ನುಸುಳಿ ಹೋಗಿ ರೊಟ್ಟಿ ಕೊಂಡು ಬಂದ. ಈ ನಡವಳಿಕೆಗೆಲ್ಲ ಅವರು ‘ತಾರೋಫ್’ ಎನ್ನುತ್ತಾರೆ. ನಮ್ಮ ಹಿಂದಿ-ಉರ್ದುಗಳಲ್ಲಿ ಪರಿಚಯ ಮಾಡಿಕೊಡುವುದಕ್ಕೆ ‘ತಆರುಫ್’ ಎನ್ನುತ್ತಾರಲ್ಲ, ಅದೇ ಶಬ್ದ. ಒಬ್ಬರನ್ನೊಬ್ಬರು ಅರಿಯುವುದು ಎಂಬುದು ಅದರ ಮೂಲಾರ್ಥ.

ಅಲ್ಲಿಯ ಹಣದ ಲೆಕ್ಕವೂ ಇದಕ್ಕೆ ಹೊಂದಿಕೊಂಡಂತೆಯೇ ಇತ್ತು. ನೋಟಿನ ಮೇಲೆ ಅಚ್ಚಾದದ್ದು ರಿಯಾಲ್, ಜನ ಬಾಯಲ್ಲಿ ಹೇಳುತ್ತಿದ್ದುದು ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ಅಂಗಡಿಯವನು ಐದು ಸಾವಿರ ಎಂದರೆ ನಾವು ಐವತ್ತು ಸಾವಿರದ ನೋಟು ಕೊಡಬೇಕು. ಗೊತ್ತಿದ್ದವರಿಗೆ ಇದರಲ್ಲಿ ಮೋಸವಿಲ್ಲ. ಗೊತ್ತಿಲ್ಲದವರಿಗೆ ತಲೆ ತಿರುಗುತ್ತದೆ.

ನಮ್ಮ ಕಥೆ ಶುರುವಾದದ್ದು ಮೊದಲನೆಯ ದಿನವೇ. ಕವಿ ಸಾದಿಯ ಸಮಾಧಿ ಊರಿನ ಅಂಚಿನಲ್ಲಿದೆ. ಹೋಟೆಲಿನ ಬಳಿ ಒಂದು ಹಳದಿ ಟ್ಯಾಕ್ಸಿ ಹಿಡಿದು ಹೋದೆವು. ಚಾಲಕರು ಅರವತ್ತರ ಸುಮಾರಿನವರು. ನಾವು ಭಾರತದವರೆಂದು ತಿಳಿದದ್ದೇ ತಡ, ಹಿಂದಿ ಸಿನಿಮಾ ನಟರ ಹೆಸರುಗಳನ್ನು ಒಂದೊಂದಾಗಿ ಹೇಳಿ ನಕ್ಕರು. ಇಳಿಯುವಾಗ ಎಷ್ಟಾಯಿತೆಂದು ಕೈಸನ್ನೆಯಿಂದ ಕೇಳಿದೆವು. ಅವರು ಬಲಗೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿ, ‘ಗಾಬೆಲ್ ನದಾರೆ’ ಎಂದರು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನೊಬ್ಬ ಇಂಗ್ಲಿಷಿನಲ್ಲಿ, ‘ಇದು ನಿಮ್ಮ ಯೋಗ್ಯತೆಗೆ ತಕ್ಕದ್ದಲ್ಲ, ಏನೂ ಬೇಡ ಎನ್ನುತ್ತಿದ್ದಾರೆ’ ಎಂದು ವಿವರಿಸಿ ತನ್ನ ದಾರಿ ಹಿಡಿದ. ನಾವು ಇನ್ನೊಮ್ಮೆ ಕೇಳಿದೆವು. ಅವರು ಮತ್ತೆ ಅದನ್ನೇ ಹೇಳಿದರು. ‘ಎಂಥ ಜನ ನೋಡಿ, ದೇವರಂಥವರು’ ಎಂದ ಭಾವಮೈದುನ. ನಾವೆಲ್ಲ ಕೈ ಕುಲುಕಿ, ಎದೆಯ ಮೇಲೆ ಕೈಯಿಟ್ಟು ವಂದಿಸಿ, ಒಳಗೆ ಹೋದೆವು. ತಿರುಗಿ ನೋಡಿದಾಗ ಟ್ಯಾಕ್ಸಿ ಅಲ್ಲೇ ಇತ್ತು. ಸ್ವಲ್ಪ ಹೊತ್ತು ನಿಂತಿದ್ದು ಆಮೇಲೆ ಹೊರಟುಹೋಯಿತು.

ರಾತ್ರಿ ಹೋಟೆಲಿನ ಮೇಜಿನ ಹಿಂದೆ ಕೂತಿದ್ದ ತರುಣನಿಗೆ ಈ ಕಥೆಯನ್ನು ಹೆಮ್ಮೆಯಿಂದ ಹೇಳಿದೆವು. ಅವನು ಮೊದಲು ನಕ್ಕ, ಆಮೇಲೆ ನಗುವನ್ನು ತಡೆದುಕೊಂಡ. ‘ಕ್ಷಮಿಸಿ, ಅದು ತಾರೋಫ್. ಮೂರು ಸಲ ಕೇಳಬೇಕು. ಮೂರನೆಯ ಸಲ ಅವರು ದುಡ್ಡು ಹೇಳುತ್ತಿದ್ದರು’ ಎಂದ. ನಮ್ಮ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಗ ಆ ದೇಶದಲ್ಲಿ ರಿಯಾಲಿನ ಬೆಲೆ ಕುಸಿಯುತ್ತಿತ್ತು. ಅಂಗಡಿಗಳಲ್ಲಿ ಅದೇ ಮಾತು. ಅಂಥ ದಿನಗಳಲ್ಲಿ ಒಬ್ಬ ಮುದುಕನ ಬಾಡಿಗೆಯನ್ನು, ಅವನ ಸೌಜನ್ಯವನ್ನೇ ನೆಪ ಮಾಡಿಕೊಂಡು, ನಾವು ಉಳಿಸಿಕೊಂಡು ಬಂದಿದ್ದೆವು. ಮುಂದಿನ ದಿನಗಳಲ್ಲಿ ಕಂಡ ಹಳದಿ ಟ್ಯಾಕ್ಸಿಯ ಒಳಗೆಲ್ಲ ಇಣುಕಿ ನೋಡಿದೆವು. ಅವರು ಮತ್ತೆ ಸಿಗಲಿಲ್ಲ.

ಮೊದಲು ನಮಗೆ ಬಂದದ್ದು ಸಿಟ್ಟು, ಅದನ್ನು ಒಪ್ಪಿಕೊಳ್ಳಬೇಕು. ಬೇಕಾದದ್ದನ್ನು ಬೇಕು ಎನ್ನಬಾರದೆ? ಬೇಡವೆಂದು ಹೇಳಿದವರದು ತಪ್ಪೋ, ನಂಬಿದ ನಮ್ಮದು ತಪ್ಪೋ? ಸುಳ್ಳು ಹೇಳಿದವರು ಅವರಲ್ಲವೆ?

ಈ ಸಿಟ್ಟನ್ನು ಹೊತ್ತುಕೊಂಡೇ ಮರುದಿನ ನಾವು ಪರ್ಸೆಪೊಲಿಸ್ಸಿಗೆ ಹೋದೆವು. ಶಿರಾಜಿನಿಂದ ಸುಮಾರು 60 ಕಿಲೋಮೀಟರ್. ಕ್ರಿ.ಪೂ. 518ರ ಸುಮಾರಿಗೆ ಡೇರಿಯಸ್ ಚಕ್ರವರ್ತಿ ಕಟ್ಟಿಸಲು ತೊಡಗಿದ, ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಕಾಲದಲ್ಲಿ ಬೆಂಕಿಗೆ ಸಿಕ್ಕ ಅರಮನೆಗಳ ಅವಶೇಷಗಳು. ಕಂಬಗಳಿಗಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೆಟ್ಟಿಲ ಪಕ್ಕದ ಉಬ್ಬುಶಿಲ್ಪಗಳು. ನಾನಾ ದೇಶದವರು ಕಾಣಿಕೆ ಹೊತ್ತು ಸಾಲಾಗಿ ಬರುತ್ತಿದ್ದಾರೆ. ಪ್ರತಿಯೊಂದು ಗುಂಪಿನ ಮುಂದಾಳನ್ನೂ ಅರಮನೆಯ ಅಧಿಕಾರಿಯೊಬ್ಬ ಕೈ ಹಿಡಿದು ಕರೆದೊಯ್ಯುತ್ತಿದ್ದಾನೆ. ಸಿಂಧೂ ಪ್ರದೇಶದವರೂ ಅಲ್ಲಿದ್ದಾರೆ: ಬರಿಮೈಯವನೊಬ್ಬ ಹೆಗಲ ಮೇಲೆ ಅಡ್ಡೆ ಹೊತ್ತು ಬುಟ್ಟಿಗಳನ್ನು ತೂಗಿಸಿಕೊಂಡು ಬರುತ್ತಿದ್ದಾನೆ, ಹಿಂದೆ ಒಂದು ಕತ್ತೆ. ಕಪ್ಪ ಕೊಡಲೇಬೇಕಾದವರನ್ನು ಅತಿಥಿಗಳಂತೆ ಕೈ ಹಿಡಿದು ಕರೆದೊಯ್ಯುವ ಶಿಲ್ಪ! ತಾರೋಫ್ ಇಲ್ಲಿಂದಲೇ ಶುರುವಾಯಿತೇನೋ ಎಂದು ನಾವು ಆಡಿಕೊಂಡೆವು.

ಆದರೆ ಅದೇ ಪೀಠದ ದಕ್ಷಿಣದ ಗೋಡೆಯಲ್ಲಿ ಡೇರಿಯಸ್ ಬರೆಸಿದ ಶಾಸನವೊಂದಿದೆ. ಈ ನಾಡನ್ನು ಶತ್ರುವಿನ ದಂಡಿನಿಂದ, ಬರಗಾಲದಿಂದ ಮತ್ತು ಸುಳ್ಳಿನಿಂದ ಕಾಪಾಡಬೇಕೆಂದು ಅವನು ಅಹುರಮಜ್ದನನ್ನು ಬೇಡಿಕೊಳ್ಳುತ್ತಾನೆ. ದಂಡು, ಬರ ಇವುಗಳ ಸಾಲಿನಲ್ಲಿ ಸುಳ್ಳು! ಪರ್ಷಿಯನ್ನರು ತಮ್ಮ ಹುಡುಗರಿಗೆ ಐದನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಕುದುರೆ ಸವಾರಿ, ಬಿಲ್ವಿದ್ಯೆ, ನಿಜ ನುಡಿಯುವುದು, ಈ ಮೂರನ್ನು ಮಾತ್ರ ಕಲಿಸುತ್ತಾರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅಂಥವರ ಮೊಮ್ಮಕ್ಕಳು ಬೇಕಾದ ಬಾಡಿಗೆಯನ್ನು ಬೇಡವೆನ್ನುತ್ತಾರೆಂದರೆ ಏನರ್ಥ? ಎಲ್ಲಿ ತಪ್ಪಿತು?

ಊರಿಗೆ ಮರಳಿದ ಮೇಲೆ ಈ ವಿಷಯದಲ್ಲಿ ಸ್ವಲ್ಪ ಓದಿದೆವು. ಅಲ್ಲಿ ಒಂದು ಸಂಗತಿ ಸಿಕ್ಕಿತು. ಶಾಸನದಲ್ಲಿ ಸುಳ್ಳಿಗೆ ಡೇರಿಯಸ್ ಬಳಸಿದ ಶಬ್ದ ‘ದ್ರೌಗ’. ಭಾಷಾಶಾಸ್ತ್ರಜ್ಞರ ಪ್ರಕಾರ ಅದು ಸಂಸ್ಕೃತದ ‘ದ್ರೋಹ’ದ ಒಡಹುಟ್ಟು. ಅದಕ್ಕೆ ಎದುರಾದ ಸತ್ಯಕ್ಕೆ ಅವೆಸ್ತಾದಲ್ಲಿ ‘ಅಶ’ ಎಂದು ಹೆಸರು. ಅದು ನಮ್ಮ ವೇದದ ‘ಋತ’ದ ಒಡಹುಟ್ಟು. ನಾವು ಶಿರಾಜಿನಲ್ಲಿದ್ದ ತಿಂಗಳನ್ನು ಇರಾನಿನವರು ಓರ್ದಿಬೆಹೆಶ್ತ್ ಎನ್ನುತ್ತಾರೆ. ‘ಅಶ ವಹಿಷ್ಠ’, ಶ್ರೇಷ್ಠವಾದ ಸತ್ಯ ಎಂಬುದರಿಂದ ಬಂದ ಹೆಸರು ಅದು. ಅಂದರೆ ಶ್ರೇಷ್ಠ ಸತ್ಯದ ತಿಂಗಳಲ್ಲಿಯೇ ನಾವು ಬಾಡಿಗೆ ಕೊಡದೆ ಇಳಿದು ಹೋದದ್ದು!

ದ್ರೋಹ ಎಂಬ ಆ ಒಂದು ಶಬ್ದ ನಮ್ಮ ಸಿಟ್ಟನ್ನು ಇಳಿಸಿತು. ಹಳೆಯ ಪರ್ಷಿಯನ್ನರು ದಂಡಿನಂತೆ, ಬರದಂತೆ ಅಂಜಿದ್ದು ನಿಜಕ್ಕೆ ಹೊಂದದ ಮಾತಿಗಲ್ಲ, ನಂಬಿದವರಿಗೆ ಮಾಡುವ ಕೇಡಿಗೆ. ಹಾಗೆ ನೋಡಿದರೆ ಸುಳ್ಳಿರುವುದು ನಾಲಿಗೆಯ ಮೇಲಲ್ಲ, ಇಬ್ಬರು ಮನುಷ್ಯರ ನಡುವೆ. ಕುರುಕ್ಷೇತ್ರದಲ್ಲಿ ಧರ್ಮರಾಯ ಅಶ್ವತ್ಥಾಮನ ವಿಷಯವಾಗಿ ಆಡಿದ ಮಾತು ಅಕ್ಷರಶಃ ನಿಜ, ಸತ್ತದ್ದು ಆನೆಯೇ. ಆದರೆ ಅದು ದ್ರೋಣನನ್ನು ನಂಬಿಸಿ ಕೊಲ್ಲಿಸಿತು. ಮಾತು ನಿಜ, ದ್ರೋಹವೂ ನಿಜ. ‘ಬರುತ್ತೇವೆ’ ಎಂದು ಹೋಗುವವನ ಮಾತು ನಿಜವಲ್ಲ, ಅದರಲ್ಲಿ ದ್ರೋಹವಿಲ್ಲ. ಸತ್ಯವನ್ನು ಗಟ್ಟಿಯಾಗಿ ಸಾರಿದ ಮಾತ್ರಕ್ಕೆ ಸತ್ಯವಂತರಾಗುವುದಿಲ್ಲ ಎಂಬುದಕ್ಕೆ ಡೇರಿಯಸನೇ ಸಾಕ್ಷಿಯಾದಾನು. ಸುಳ್ಳನ್ನು ಬಂಡೆಯ ಮೇಲೆ ಬರೆಸಿ ಶಪಿಸಿದ ಅವನು, ತಾನು ಸಿಂಹಾಸನಕ್ಕೆ ಬಂದ ಬಗೆಯನ್ನು ಕುರಿತು ಹೇಳಿಕೊಂಡ ಕಥೆಯನ್ನೇ ಅನುಮಾನಿಸುವ ಇತಿಹಾಸಕಾರರಿದ್ದಾರೆ.

ಸಾದಿ ಕವಿಯ ‘ಗುಲಿಸ್ತಾನ್’ ಬರೆದು ಮುಗಿದದ್ದು 1258ರಲ್ಲಿ. ಅದರ ಮೊದಲನೆಯ ಕಥೆಯೇ ಈ ಪ್ರಶ್ನೆಯನ್ನು ಕುರಿತದ್ದು. ಅರಸನೊಬ್ಬ ಸೆರೆಯಾಳಿಗೆ ಮರಣದಂಡನೆ ವಿಧಿಸುತ್ತಾನೆ. ಆಸೆ ಬಿಟ್ಟ ಸೆರೆಯಾಳು ತನ್ನ ಭಾಷೆಯಲ್ಲಿ ಅರಸನನ್ನು ಬೈಯುತ್ತಾನೆ. ಏನು ಹೇಳುತ್ತಿದ್ದಾನೆಂದು ಅರಸ ಕೇಳಿದಾಗ ಒಬ್ಬ ಮಂತ್ರಿ, ಕೋಪ ನುಂಗಿ ಕ್ಷಮಿಸುವವರನ್ನು ಹೊಗಳುತ್ತಿದ್ದಾನೆ ಎಂದುಬಿಡುತ್ತಾನೆ. ಅರಸನ ಮನಸ್ಸು ಕರಗುತ್ತದೆ. ಇನ್ನೊಬ್ಬ ಮಂತ್ರಿ ಎದ್ದು, ಇದು ಸುಳ್ಳು, ಅವನು ಬೈದದ್ದು, ಎಂದು ನಿಜ ಹೇಳುತ್ತಾನೆ. ಅರಸನಿಗೆ ಮೊದಲಿನವನ ಸುಳ್ಳೇ ಹೆಚ್ಚು ಹಿಡಿಸುತ್ತದೆ. ಅದರ ಹಿಂದೆ ಒಳ್ಳೆಯದು ಮಾಡುವ ಮನಸ್ಸಿತ್ತು, ಈ ನಿಜದ ಹಿಂದೆ ಕೇಡು ಇತ್ತು. ಆ ಕವಿಯ ಸಮಾಧಿಯ ಬಾಗಿಲಲ್ಲೇ ನಮಗೆ ಪಾಠವಾದದ್ದು ಕಾಕತಾಳೀಯವಾದರೂ ಅರ್ಥಪೂರ್ಣವಾಗಿತ್ತು.

ಸತ್ಯದ ವಿಷಯದಲ್ಲಿ ಜರ್ಮನಿಯ ಕಾಂಟನಿಗಿಂತ ಕಟ್ಟುನಿಟ್ಟಿನವರು ವಿರಳ. ಕೊಲೆಗಡುಕನೊಬ್ಬ ಬಾಗಿಲಿಗೆ ಬಂದು, ಒಳಗೆ ಅಡಗಿರುವ ನಿನ್ನ ಸ್ನೇಹಿತ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದೆಂದು 1797ರಲ್ಲಿ ಬರೆದವನು ಅವನು. ಅಂಥವನೂ ಮರುವರ್ಷವೇ ಪ್ರಕಟವಾದ ಇನ್ನೊಂದು ಗ್ರಂಥದಲ್ಲಿ ಸೌಜನ್ಯದ ಮಾತುಗಳನ್ನು ಚಿಲ್ಲರೆ ನಾಣ್ಯಕ್ಕೆ ಹೋಲಿಸಿ, ಅವುಗಳ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತಿರುವುದರಿಂದ ಅವು ಯಾರನ್ನೂ ವಂಚಿಸುವುದಿಲ್ಲ ಎಂದು ಒಪ್ಪಿಕೊಂಡಿದ್ದಾನೆ. ನಮ್ಮ ಕಚೇರಿಯ ಕಾಗದಗಳನ್ನೇ ನೋಡಿ. ಇಪ್ಪತ್ತು ವರ್ಷಗಳಲ್ಲಿ ‘ತಮ್ಮ ವಿಶ್ವಾಸಿ’ ಎಂದು ಎಷ್ಟು ಸಾವಿರ ಪತ್ರಗಳ ಕೆಳಗೆ ನಾವು ಬೆರಳಚ್ಚು ಮಾಡಿದ್ದೇವೋ! ಅರ್ಜಿಯನ್ನು ತಿರಸ್ಕರಿಸುವ ಪತ್ರದ ಕೆಳಗೂ ವಿಶ್ವಾಸಿಗಳೇ. ಅದನ್ನು ನಂಬಿ ಯಾರೂ ನಮ್ಮ ಮನೆಗೆ ಊಟಕ್ಕೆ ಬಂದಿಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತದ್ದು ಇಲ್ಲಿ ನೆನಪಾಗುತ್ತದೆ. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟಾಗ ಮೊದಲು ನೋಡಬೇಕಾದದ್ದು ಶೂನ್ಯ ದೋಷ. ಎರಡು ದವಡೆಗಳೂ ಮುಚ್ಚಿದ್ದಾಗ ಅದು ಸೊನ್ನೆ ತೋರಿಸದೆ ಏನೋ ಒಂದು ಅಳತೆ ತೋರಿಸಬಹುದು. ಹಾಗೆಂದು ಆ ಸಲಕರಣೆಯನ್ನು ಎಸೆಯುವುದಿಲ್ಲ; ದೋಷ ಎಷ್ಟೆಂದು ಬರೆದಿಟ್ಟುಕೊಂಡು ಪ್ರತಿಯೊಂದು ಅಳತೆಯಲ್ಲೂ ಅದನ್ನು ಕಳೆಯುತ್ತೇವೆ. ಆ ಚಾಲಕರ ಮಾತಿಗೂ ಒಂದು ಶೂನ್ಯ ದೋಷವಿತ್ತು. ಅದನ್ನು ಬಲ್ಲ ಊರಿನವರಿಗೆ ಅವರು ಸತ್ಯವಂತರೇ. ‘ನನಗೆ ದುಡ್ಡಿಗಿಂತ ನೀವು ದೊಡ್ಡವರು, ಇನ್ನು ನಿಮ್ಮ ಧರ್ಮ ನೀವು ಮಾಡಿ’ ಎಂದಿಷ್ಟೇ ಅವರು ಹೇಳಿದ್ದು. ಕೇಳಿ ಪಡೆಯುವ ಬಾಡಿಗೆಯನ್ನು ನಾವಾಗಿ ಕೊಡುವಂತೆ ಮಾಡಿ ನಮ್ಮನ್ನು ಒಂದು ಮೆಟ್ಟಿಲು ಮೇಲೆ ನಿಲ್ಲಿಸಲು ಹೊರಟಿದ್ದರು. ಆ ಮೆಟ್ಟಿಲಿನಿಂದ ನಾವು ಇಳಿದುಬಿಟ್ಟೆವು.

ಪರದೇಶದವರು, ನಮಗೆ ಆ ದೋಷದ ಅರಿವಿರಲಿಲ್ಲ, ಆದ್ದರಿಂದ ನಮ್ಮ ತಪ್ಪಿಲ್ಲ ಎಂದು ಹೇಳಿಕೊಳ್ಳಬಹುದು. ಬಹಳ ದಿನ ಹಾಗೆಯೇ ಹೇಳಿಕೊಂಡೆವು. ಆದರೆ ಒಂದು ಸಂಗತಿ ಚುಚ್ಚುತ್ತಲೇ ಇತ್ತು. ಮುಂಬಯಿಯಲ್ಲಿ ಟ್ಯಾಕ್ಸಿಯವನೊಬ್ಬ ‘ಬಾಡಿಗೆ ಬೇಡ’ ಎಂದಿದ್ದರೆ ನಾವು ನಂಬುತ್ತಿದ್ದೆವೆ? ಎರಡು ಸಲ ಕೇಳಿ ಸುಮ್ಮನಾಗುತ್ತಿದ್ದೆವೆ? ಜೇಬಿಗೆ ಹೋದ ಕೈ ಎಷ್ಟು ಬೇಗ ಬರಿದಾಗಿ ಹೊರಗೆ ಬಂತು! ನಂಬಿದರೆ ನಮಗೆ ಲಾಭವಿತ್ತು, ಆದ್ದರಿಂದ ನಂಬಿದೆವು. ಅಜ್ಞಾನ ನಿಜ, ಆದರೆ ಆ ಅಜ್ಞಾನದಲ್ಲಿ ಸ್ವಲ್ಪ ಅನುಕೂಲವೂ ಇತ್ತು. ದ್ರೋಹ ಎಂಬುದು ಅಲ್ಲಿ ನಡೆದಿದ್ದರೆ ಅದು ನಮ್ಮ ಕಡೆಯಿಂದಲೇ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಪರ್ಸೆಪೊಲಿಸ್ ನೋಡಿದ ಮರುದಿನ, ಅಂದರೆ ಮೂರನೆಯ ದಿನದ ಸಂಜೆ, ಕವಿ ಹಾಫಿಜನ ಸಮಾಧಿಗೆ ಹೋದೆವು. ಎಂಟು ಕಂಬಗಳ ಮಂಟಪ, ಸುತ್ತ ತೋಟ. ಸಮಾಧಿಯ ಕಲ್ಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಿಲ್ಲುವ ಹುಡುಗಿಯರು, ಕವಿತೆಯನ್ನು ಬಾಯಿಪಾಠವಾಗಿ ಹೇಳುವ ಮುದುಕರು. ಬಾಗಿಲಲ್ಲಿ ಒಬ್ಬ ಪುಟ್ಟ ಹಕ್ಕಿಯನ್ನು ಹಿಡಿದು ನಿಂತಿದ್ದ. ಅದು ಕೊಕ್ಕಿನಿಂದ ಚೀಟಿ ಎಳೆದುಕೊಡುತ್ತದೆ. ನಮ್ಮ ಗಿಳಿಶಾಸ್ತ್ರವೇ, ಆದರೆ ಚೀಟಿಯಲ್ಲಿರುವುದು ಹಾಫಿಜನ ಕವಿತೆ.

ಈ ಹಾಫಿಜನಿಗೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. ಬಿಜಾಪುರದಲ್ಲಿದ್ದು ದಖ್ಖನಿನ ಇತಿಹಾಸ ಬರೆದ ಫಿರಿಸ್ತಾ ಹೇಳುವ ಕಥೆ ಅದು. ಕಲಬುರ್ಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನನ ಆಸ್ಥಾನದಿಂದ ಹಾಫಿಜನಿಗೆ ಕರೆಯೂ ದಾರಿಖರ್ಚಿಗೆ ಹಣವೂ ಹೋದವು. ಅವನು ಹೊರಟು ಹೋರ್ಮುಜ್ ಬಂದರಿನಲ್ಲಿ ಹಡಗನ್ನೂ ಹತ್ತಿದ. ಬಿರುಗಾಳಿ ಎದ್ದಿತು. ದಡದಲ್ಲಿ ಕೆಲವು ಸ್ನೇಹಿತರಿಗೆ ಹೇಳಿ ಬರುವುದನ್ನು ಮರೆತೆ ಎಂದು ನೆಪ ಹೇಳಿ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಒಂದು ಗಜಲನ್ನು ಬರೆದು ಕಳುಹಿಸಿ ಶಿರಾಜಿಗೆ ಮರಳಿದ. ‘ಸಮುದ್ರವೆಂದರೆ ಹೆದರಿಕೆ’ ಎಂದು ನೇರವಾಗಿ ಹೇಳುವುದು ಶಿರಾಜಿನವನಿಗೆ ಹೇಗೆ ಸಾಧ್ಯ!

ತೋಟದಲ್ಲಿ ಚಾಪೆ ಹಾಸಿಕೊಂಡು ಚಹಾ ಕುಡಿಯುತ್ತಿದ್ದ ಹಿರಿಯ ದಂಪತಿಗಳು ನಮ್ಮನ್ನು ಕರೆದು ಕೂರಿಸಿಕೊಂಡರು. ಆಕೆ ನಿವೃತ್ತ ಶಿಕ್ಷಕಿ. ತಡವರಿಸಿಕೊಂಡು ಇಂಗ್ಲಿಷ್ ಆಡುತ್ತಿದ್ದರು. ನಮ್ಮ ಮನೆಯವರ ತಲೆಯ ಮೇಲಿನ ಬಟ್ಟೆ ಗಳಿಗೆಗೊಮ್ಮೆ ಜಾರುವುದನ್ನು ನೋಡಿ ನಕ್ಕು, ಅದನ್ನು ಕಟ್ಟುವ ಬಗೆ ತೋರಿಸಿಕೊಟ್ಟರು. ಮಕ್ಕಳೆಷ್ಟು, ಊರು ಯಾವುದು, ಮಾಂಸ ತಿನ್ನುತ್ತೀರಾ ಎಂದೆಲ್ಲ ಕೇಳಿದರು. ಒಂದು ಗಂಟೆಯ ಮೇಲೆ, ‘ನಾಳೆ ರಾತ್ರಿ ನಮ್ಮ ಮನೆಗೆ ಊಟಕ್ಕೆ ಬನ್ನಿ, ಶಿರಾಜಿನ ಎಲೆಕೋಸಿನ ಅನ್ನ ಮಾಡುತ್ತೇನೆ, ನಿಮಗಾಗಿ ಮಾಂಸ ಹಾಕದೆ’ ಎಂದರು. ಬೀದಿಯ ಹೆಸರನ್ನೂ ಹೇಳಿದರು.

ನಾವು ಈಗ ಪಾಠ ಕಲಿತವರು! ಎದೆಯ ಮೇಲೆ ಕೈಯಿಟ್ಟು, ಇಲ್ಲ, ನಿಮಗೇಕೆ ತೊಂದರೆ ಎಂದೆವು. ಅವರು ಮತ್ತೆ ಕರೆದರು. ಮತ್ತೆ ಬೇಡವೆಂದೆವು. ಮೂರನೆಯ ಸಲವೂ ಕರೆದರು. ಮೂರನೆಯ ಸಲವೂ ತಲೆ ಬಾಗಿಸಿ ಬೇಡವೆಂದೆವು. ನಮ್ಮ ಹೊಸ ವಿದ್ಯೆಯ ಬಗ್ಗೆ ನಮಗೇ ಒಳಗೊಳಗೆ ಮೆಚ್ಚುಗೆ. ಆಕೆ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಚೀಲದಿಂದ ಒಣಗಿಸಿದ ಕಿತ್ತಳೆ ಹೂವಿನ ಪುಟ್ಟ ಪೊಟ್ಟಣವನ್ನು ತೆಗೆದು ನಮ್ಮ ಮನೆಯವರ ಕೈಯಲ್ಲಿಟ್ಟು, ‘ನಮ್ಮ ತಾರೋಫನ್ನು ಚೆನ್ನಾಗಿ ಕಲಿತಿದ್ದೀರಿ’ ಎಂದರು. ನಗುತ್ತಲೇ ಹೇಳಿದರು, ಆದರೆ ಆ ನಗು ಮೊದಲಿನ ನಗುವಾಗಿರಲಿಲ್ಲ.

ದಾರಿಯಲ್ಲಿ ನಮ್ಮ ಮನೆಯವರೇ ಮೊದಲು ಮಾತಾಡಿದ್ದು. ‘ಬಾಯಿಮಾತಿಗೆ ಕರೆಯುವವರು ಯಾರಾದರೂ ಅಡಿಗೆಗೆ ಏನು ಹಾಕಬೇಕು, ಏನು ಬಿಡಬೇಕು ಎಂದು ಕೇಳುತ್ತಾರೆಯೆ?’ ನಮ್ಮಲ್ಲಿ ಯಾರಿಗೂ ಉತ್ತರ ಹೇಳಲಾಗಲಿಲ್ಲ. ಬೀದಿಯ ಹೆಸರು ಯಾರಿಗೂ ನೆನಪಿರಲಿಲ್ಲ. ನೆನಪಿಡುವ ಅಗತ್ಯವಿದೆಯೆಂದು ಆಗ ತೋರಿರಲಿಲ್ಲ. ಮರುದಿನ ಸಂಜೆ ನಮಗೆ ಬೇರೆ ಕೆಲಸವೇನೂ ಇರಲಿಲ್ಲ. ಹೋಟೆಲಿನ ಕೋಣೆಯಲ್ಲಿ ಕೂತು ರೊಟ್ಟಿ, ಮೊಸರು ತಿಂದೆವು.

ಇಲ್ಲದ ಶೂನ್ಯ ದೋಷವನ್ನು ಕಳೆದರೂ ಅಳತೆ ತಪ್ಪುತ್ತದೆ. ಮೊದಲ ದಿನ ನಂಬಬಾರದ ಮಾತನ್ನು ನಂಬಿದೆವು. ಮೂರನೆಯ ದಿನ ನಂಬಬೇಕಾದ ಮಾತನ್ನು ನಂಬಲಿಲ್ಲ. ಇವೆರಡರಲ್ಲಿ ಯಾವುದು ದೊಡ್ಡ ತಪ್ಪು? ಬಾಡಿಗೆಯನ್ನು ಹೇಗೋ ಕಳುಹಿಸಬಹುದಿತ್ತು, ಅಷ್ಟೇ ಮೊತ್ತವನ್ನು ಇನ್ನಾವನೋ ಮುದುಕ ಚಾಲಕನಿಗೆ ಹೆಚ್ಚಾಗಿ ಕೊಟ್ಟು ಮನಸ್ಸನ್ನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡಿದೆವು ಕೂಡ. ಅಕ್ಕರೆಯಿಂದ ಬಂದ ಕರೆಯನ್ನು ಚಿಲ್ಲರೆ ನಾಣ್ಯವೆಂದು ಎಣಿಸಿ ಹಿಂದಕ್ಕೆ ಕೊಟ್ಟದ್ದಕ್ಕೆ ಪರಿಹಾರವೆಲ್ಲಿದೆ? ನಿಜವನ್ನು ಆಡಿದವರನ್ನು ನಂಬದಿರುವುದೂ ಒಂದು ಬಗೆಯ ದ್ರೋಹವೇ.

ಹಾಗಾದರೆ ಒಂದು ನಿಯಮ ಮಾಡಿಕೊಳ್ಳಬಹುದೆ? ನಮ್ಮ ಅಲ್ಪಮತಿಗೆ ತೋರಿದ್ದು ಇಷ್ಟು. ಮಾತನ್ನು ಇದ್ದಂತೆ ತೆಗೆದುಕೊಂಡರೆ ನಷ್ಟ ಯಾರಿಗೆ ಎಂದು ಮೊದಲು ಕೇಳಿಕೊಳ್ಳಬೇಕು. ಹಣದ ಲೆಕ್ಕದಲ್ಲಿ ಎದುರಿನವರ ‘ಬೇ‌ಡ’ವನ್ನು ಸುಲಭವಾಗಿ ನಂಬಬಾರದು, ಏಕೆಂದರೆ ನಷ್ಟ ಅವರಿಗೆ. ಅಕ್ಕರೆಯ ಲೆಕ್ಕದಲ್ಲಿ ಎದುರಿನವರ ‘ಬನ್ನಿ’ಯನ್ನು ನಂಬಿಬಿಡಬೇಕು; ಅದು ಹುಸಿಯಾದರೆ ನಷ್ಟ ನಮ್ಮ ಮಾನಕ್ಕೆ ಮಾತ್ರ. ಊಟಕ್ಕೆ ಹೋದರೆ ಅವರಿಗೂ ಖರ್ಚಿಲ್ಲವೆ, ನಿವೃತ್ತರು, ಬೆಲೆಯೇರಿದ ದಿನಗಳು ಎಂದು ಭಾವಮೈದುನ ವಾದಿಸಿದ. ಅದೂ ನಿಜವೇ. ‘ಊಟ ಬೇಡ, ಚಹಾಕ್ಕೆ ಬರುತ್ತೇವೆ ಎನ್ನಬಹುದಿತ್ತಲ್ಲ, ಒಂದು ಡಬ್ಬಿ ಮಿಠಾಯಿ ಹಿಡಿದುಕೊಂಡು’ ಎಂದರು ನಮ್ಮ ಮನೆಯವರು. ನಾಲ್ವರ ಬುದ್ಧಿಗೂ ಆಗ ಹೊಳೆಯದ ದಾರಿ ಅದು.

ಕರೆಯುವವರಿಗೂ ಒಂದು ಹೊಣೆಯಿದೆ. ಬಾಯುಪಚಾರ ಆಡುವವರು, ಕೇಳಿದವರು ಅದನ್ನು ನಿಜವೆಂದು ಹಿಡಿದುಕೊಂಡರೆ ನಗುಮುಖದಿಂದ ಸಲ್ಲಿಸಲು ಸಿದ್ಧರಿರಬೇಕು. ಆ ಚಾಲಕರು ಸಿದ್ಧರಿದ್ದರು. ಅವರು ನಮ್ಮ ಹಿಂದೆ ಓಡಿ ಬರಲಿಲ್ಲ, ಕೂಗಲಿಲ್ಲ. ಆಡಿದ ಮಾತಿನ ಬೆಲೆಯನ್ನು ತಾವೇ ತೆತ್ತು ಹೋದರು. ಪುಣ್ಯಕೋಟಿಯ ಸಾಲಿನಲ್ಲಿ ಅವರಿಗೂ ಒಂದು ಸ್ಥಳವಿದೆಯೆಂದು ನಮಗೆ ತೋರುತ್ತದೆ.

ಆ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕ ಇರಾನಿನೊಂದಿಗಿನ ಒಪ್ಪಂದದಿಂದ ಹೊರಬಂದು ಮತ್ತೆ ನಿರ್ಬಂಧ ಹೇರಿತು. 2025ರ ಜೂನ್ ತಿಂಗಳಿನಲ್ಲಿ ಆ ದೇಶದ ಮೇಲೆ ಬಾಂಬುಗಳು ಬಿದ್ದ ಸುದ್ದಿಯನ್ನು ಓದಿದಾಗ ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು: ‘ಅವರು ಹೇಗಿದ್ದಾರೋ?’ ವಿಚಾರಿಸೋಣವೆಂದರೆ ಹೆಸರು ಗೊತ್ತಿಲ್ಲ, ಬೀದಿ ಗೊತ್ತಿಲ್ಲ. ಒಂದು ಸಲ ಊಟಕ್ಕೆ ಹೋಗಿದ್ದರೆ ಎಲ್ಲವೂ ಗೊತ್ತಿರುತ್ತಿತ್ತು. ಒಬ್ಬರನ್ನೊಬ್ಬರು ಅರಿಯುವುದು ಎಂಬುದಲ್ಲವೆ ಆ ಶಬ್ದದ ಮೂಲಾರ್ಥ? ಉಪಚಾರದ ಮಾತು ಬಾಗಿಲು ಮಾತ್ರ. ಬಾಗಿಲಲ್ಲೇ ವಂದಿಸಿ ನಾವು ಹಿಂತಿರುಗಿ ಬಂದೆವು.

ನಮ್ಮ ಕಚೇರಿಗೆ ಗದಗ ಕಡೆಯ ತರುಣನೊಬ್ಬ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಮುಂಬಯಿಗೆ ಹೊಸಬ, ಒಂಟಿ. ಕಂಡಾಗಲೆಲ್ಲ ‘ಒಮ್ಮೆ ಮನೆಗೆ ಬನ್ನಿ’ ಎನ್ನುತ್ತಿದ್ದೆವು. ‘ಬರ್ತೀನ್ರಿ ಸರ’ ಎನ್ನುತ್ತಿದ್ದ. ಇಬ್ಬರಿಗೂ ಅದು ಎಲ್ಲಿಗೆ ಮುಟ್ಟುವ ಮಾತೆಂದು ಗೊತ್ತಿತ್ತು. ಮೊನ್ನೆ ಮಾತನ್ನು ಬದಲಿಸಿದೆವು. ‘ಬರುವ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ. ಜೋಳದ ರೊಟ್ಟಿಗೆ ಎಣಗಾಯಿ ಮಾಡಿಸಲೋ, ಕಾಳಿನ ಪಲ್ಯವೋ?’ ಅವನು ಎರಡು ಸಲ ‘ಯಾಕ್ರಿ ಸರ ತ್ರಾಸು’ ಎಂದ. ಮೂರನೆಯ ಸಲ ಕೇಳಿದಾಗ ನಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಎಣಗಾಯಿ ಮಾಡಸ್ರಿ’ ಎಂದ.